ಕರಿಕೊಕ್ಕನ್ನು ಹತ್ತದೇ ಇದ್ದ ಪಾಂಕ್ರಾಸ್

ಪಾಂಕ್ರಾಸ್ ಸಾವಿಯೋನ ಸಾವಿನ ಚೀಸನ್ನು ನಾವು ಕಳೆದ ಫೆಬ್ರವರಿಯಲ್ಲಿ ತಿಂದೆವು. ನಮ್ಮ ಮೊರಾನ್ ಕಣಿವೆಯಲ್ಲಿ ಮದುವೆಯಾದ ವರ್ಷವೇ ಗಂಡಹೆಂಡಿರು ಒಂದು ಚೀಸ್ ಗಾಲಿಯನ್ನು ತಮ್ಮ ಸಾವಿಗೆಂದು ನೆಲಮಾಳಿಗೆಯಲ್ಲಿ ಎತ್ತಿಡುತ್ತಾರೆ. ಮಣ್ಣು ಮಾಡಿ ಬಂದವರು ಅದನ್ನು ತಿನ್ನುತ್ತ ಸತ್ತವನ ಬಗ್ಗೆ ಒಳ್ಳೆಯದನ್ನೇ ಆಡಬೇಕು. ಪಾಂಕ್ರಾಸನ ಚೀಸಿಗೆ ನಲವತ್ತೆಂಟು ವರ್ಷ ವಯಸ್ಸು. ಚಾಕು ಹಾಕಿದರೆ ಚಾಕುವೇ ಬಾಗಿತು. ಕೊನೆಗೆ ಕೊಡಲಿ ತರಿಸಿ ಒಡೆದೆವು. ಬಾಯಲ್ಲಿಟ್ಟುಕೊಂಡ ಮೇಲೆ ಅರ್ಧ ಗಂಟೆ ಯಾರೂ ಮಾತಾಡುವಂತಿರಲಿಲ್ಲ. ಅದೇ ಒಳ್ಳೆಯದಾಯಿತು. ಅವನ ಬಗ್ಗೆ ಒಳ್ಳೆಯದನ್ನು ಆಡಲು ಹೊರಟರೆ ಮೊದಲು ನಮ್ಮ ಬಗ್ಗೆ ಕೆಟ್ಟದ್ದನ್ನು ಆಡಬೇಕಾಗುತ್ತಿತ್ತು.

ಈಗ ಚೀಸ್ ಕರಗಿದೆ, ಬಾಯಿ ಬಿಡುವಾಗಿದೆ. ಆಡಿಯೇಬಿಡೋಣ.

ಪಾಂಕ್ರಾಸ್ ಹುಟ್ಟಿದ್ದು 1824ರಲ್ಲಿ, ನಾಲ್ಕು ಹಸು, ಒಂದು ಹೇಸರಗತ್ತೆ, ಆರು ಮಕ್ಕಳಿದ್ದ ಮನೆಯಲ್ಲಿ. ಆ ಮನೆಯಲ್ಲಿ ಮರ್ಯಾದೆಯ ಕ್ರಮವೂ ಅದೇ ಆಗಿತ್ತು. ಆಳು ಕುಳ್ಳ. ಕಿವಿಗಳು ಎಷ್ಟು ಅಗಲವೆಂದರೆ ಹುಲ್ಲು ಕೊಯ್ಯುವ ದಿನ ಗಾಳಿ ಯಾವ ಕಡೆಯಿಂದ ಎಂದು ತಿಳಿಯಲು ನಾವು ಅವನನ್ನು ನೋಡುತ್ತಿದ್ದೆವು. ಕಾಲುಗಳು ಮಾತ್ರ ಬೇರೆ ಯಾವನೋ ಮಹಾವೀರನಿಗೆಂದು ಮಾಡಿಟ್ಟದ್ದನ್ನು ದೇವರು ಅವಸರದಲ್ಲಿ ಇವನಿಗೆ ಜೋಡಿಸಿಬಿಟ್ಟಂತೆ ಇದ್ದವು. ಆ ಕಾಲುಗಳ ಮೇಲೆ ಅಜ್ಜನ ಕಾಲದ ಕೋವಿ ಹೊತ್ತು ಅವನು ಕಾಡುಮೇಕೆಗಳ ಬೇಟೆಗೆ ಹೋಗುತ್ತಿದ್ದ. ಕಾಡುಮೇಕೆಗಳಿಗೂ ಅವನ ಪರಿಚಯ ಚೆನ್ನಾಗಿತ್ತು. ಅವನ ಗುರಿಯನ್ನು ಕಂಡಿದ್ದ ಅವು ಓಡುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ ಎಂದು ನಾವು ಹೇಳಿಕೊಂಡು ನಗುತ್ತಿದ್ದೆವು.

ಊರಿನ ತಲೆಯ ಮೇಲೆಯೇ ಕರಿಕೊಕ್ಕು ಶಿಖರ ನಿಂತಿದೆ. ಆಚೆ ಬಿದ್ದರೆ ಇಟಲಿ, ಈಚೆ ಬಿದ್ದರೆ ನಮ್ಮ ಆಲೂಗಡ್ಡೆ ಹೊಲ. ಹೆಸರು ಕರಿ, ಆದರೆ ತುದಿಯ ಬಂಡೆ ಮಾತ್ರ ಇಟ್ಟಿಗೆಯಂತೆ ಕೆಂಪು. ಆಗೀಗ ಅದರ ಚೂರು ಉರುಳಿ ಹಿಮನದಿಯ ಮೇಲೆ ಬೀಳುತ್ತದೆ. ಅಲ್ಲಿಗೆ ಮನುಷ್ಯ ಹತ್ತುವ ಮಾತೇ ಇರಲಿಲ್ಲ. ಹಿಮನದಿಯ ಬಿರುಕುಗಳಲ್ಲಿ ನಮ್ಮ ಸತ್ತ ಹಿರಿಯರು ಕುತ್ತಿಗೆವರೆಗೆ ಹೂತು ಪಾಪ ಕಳೆದುಕೊಳ್ಳುತ್ತಿರುತ್ತಾರೆ. ಅವರ ತಲೆ ತುಳಿದುಕೊಂಡು ಯಾರು ಹೋಗುತ್ತಾರೆ?

1852ರ ಸೆಪ್ಟೆಂಬರಿನಲ್ಲಿ ಪಾಂಕ್ರಾಸ್ ಹೋದ. ಅವನ ಗುಂಡು ತಪ್ಪಿಯೋ ಏನೋ ಒಂದು ಕಾಡುಮೇಕೆಯ ಕಾಲಿಗೆ ತಗುಲಿತು. ಇಂಥ ಅವಕಾಶ ಜೀವಮಾನದಲ್ಲಿ ಇನ್ನೊಮ್ಮೆ ಬರುವುದಿಲ್ಲವೆಂದು ತಿಳಿದ ಅವನು ರಕ್ತದ ಜಾಡು ಹಿಡಿದ. ಮೇಕೆ ಕರಿಕೊಕ್ಕಿನ ಬೆನ್ನು ಹತ್ತಿತು, ಇವನೂ ಹತ್ತಿದ. ಮಂಜು ಮುಸುಕಿತು. ಮೇಕೆ ಮಂಜಿನೊಳಗೆ ಹೋಯಿತು, ಇವನೂ ಹೋದ. ಸ್ವಲ್ಪ ಹೊತ್ತಿಗೆ ಕಾಲಿಟ್ಟ ಕಡೆಯೆಲ್ಲ ಇಳಿಜಾರೇ ಆಯಿತು, ಹತ್ತಲು ಏನೂ ಉಳಿದಿರಲಿಲ್ಲ. ಮಂಜು ಸರಿದಾಗ ಒಂದು ಕಡೆ ಇಟಲಿ, ಇನ್ನೊಂದು ಕಡೆ ಉಗುರಿನಷ್ಟು ಚಿಕ್ಕ ನಮ್ಮ ಇಗರ್ಜಿ. ಮೇಕೆ ಎಲ್ಲೂ ಇಲ್ಲ. ಕೈಯಲ್ಲಿದ್ದ ಬೇಟೆಯ ಕೋಲನ್ನು ಅವನು ಕೆಂಪು ಬಂಡೆಯ ಬಿರುಕಿನಲ್ಲಿ ಜಡಿದು, ಸುತ್ತ ಕಲ್ಲು ಪೇರಿಸಿದ. ಕೋಲಿನ ಹಿಡಿಯಲ್ಲಿ ಸಾವಿಯೋ ಮನೆಯ ಗುರುತು ಕೆತ್ತಿತ್ತು: ಎರಡು ಉದ್ದಗೆರೆ, ನಡುವೆ ಒಂದು ಅಡ್ಡಗೆರೆ. ನಮ್ಮಲ್ಲಿ ಸೌಟು, ಕುಂಟೆ, ಕುರಿಯ ಕಿವಿ, ಚೀಸಿನ ಬೆನ್ನು ಎಲ್ಲಕ್ಕೂ ಮನೆಯ ಗುರುತು ಹಾಕುತ್ತೇವೆ. ಓದು ಬರದ ಊರಿನಲ್ಲಿ ಅದೇ ಸಹಿ, ಅದೇ ಸಾಕ್ಷಿ. ನಂತರ ಅವನು ಬಹುಪಾಲು ದಾರಿಯನ್ನು ಕುಂಡೆಯ ಮೇಲೆ ಜಾರುತ್ತ ಇಳಿದು ಬಂದ.

ಊರ ನೆಲಮಾಳಿಗೆಯಲ್ಲಿ ಗಂಡಸರು ಭಾನುವಾರದ ವೈನ್ ಕುಡಿಯುತ್ತಿದ್ದರು. ಪಾಂಕ್ರಾಸ್ ಬಾಗಿಲಲ್ಲಿ ನಿಂತು ಹೇಳಿದ: "ಕೊಕ್ಕಿನ ಮೇಲಕ್ಕೆ ಹೋಗಿದ್ದೆ."

"ಬೇಟೆ ಎಲ್ಲಿ?" ಎಂದರು ಇಯಾಸೆಂತ್. ಆಗಲೇ ಅವರು ಊರಿನ ಅಧ್ಯಕ್ಷರು.

"ತಪ್ಪಿಸ್ಕೊಳ್ತು."

"ಕೋಲು ಎಲ್ಲಿ?"

"ತುದೀಲಿ ನೆಟ್ಟು ಬಂದೆ."

"ಅಂದ್ರೆ ಮೇಕೇನೂ ಕಳ್ಕೊಂಡೆ, ಕೋಲೂ ಕಳ್ಕೊಂಡೆ. ಬದಲಿಗೆ ಒಂದು ಸುಳ್ಳು ಹೊತ್ಕೊಂಡು ಬಂದೆ. ಪರವಾಗಿಲ್ಲ, ಕೈ ಖಾಲಿ ಬರ್ಲಿಲ್ವಲ್ಲ!"

ನೆಲಮಾಳಿಗೆ ಗೊಳ್ಳೆಂದಿತು. "ಹಾದೀಲಿ ನಮ್ಮಜ್ಜಿ ಸಿಕ್ಕಿದ್ಳಾ ಮಾರಾಯ?" ಎಂದು ಇನ್ನೊಬ್ಬ ಕೂಗಿದ. "ಅವಳ ಕಾಲಿನ ಹುಣ್ಣು ವಾಸಿ ಆಗಿದ್ಯಾ ಕೇಳ್ಬೇಕಿತ್ತು!"

ಅಂದಿನಿಂದ ಹನ್ನೊಂದು ವರ್ಷ ಇದೇ ನಡೆಯಿತು. ಅವನು ಇಗರ್ಜಿಯಲ್ಲಿ ಮಂಡಿಯೂರಿದರೆ ಹಿಂದಿನ ಸಾಲಿನಿಂದ "ಮೇಲಿನವ್ರಿಗೆ ನಮ್ಮ ನಮಸ್ಕಾರ ಹೇಳಪ್ಪ" ಎಂಬ ಪಿಸುಮಾತು. ಮಾರ್ಚಿನಲ್ಲಿ ಇಡೀ ಊರು ಹೇಸರಗತ್ತೆಗಳ ಮೇಲೆ ತೊಟ್ಟಿಲು ಬಾಣಲೆಗಳನ್ನು ಹೇರಿಕೊಂಡು ಕೆಳಗಿನ ದ್ರಾಕ್ಷಿತೋಟಗಳಿಗೆ ಇಳಿಯುವಾಗ, ಅವನು ಕಾಲು ಜಾರಿದರೆ ಸಾಕು, "ಕೊಕ್ಕು ಹತ್ತಿದ ಕಾಲು ನೋಡ್ರೋ!" ಪಾಂಕ್ರಾಸ್ ಜಗಳವಾಡಲಿಲ್ಲ, ಕುಡಿಯಲಿಲ್ಲ, ಮಾತು ತಿರುಗಿಸಲೂ ಇಲ್ಲ. ಅವನಿಗೆ ಬೇಕಾದ್ದು ಒಂದೇ. ಯಾರಾದರೂ ಒಬ್ಬರು, ಒಬ್ಬರೇ ಸಾಕು, ಅವನ ಕಣ್ಣಿಗೆ ಕಣ್ಣಿಟ್ಟು "ಹೌದು ಪಾಂಕ್ರಾಸ್, ನೀನು ಹೋಗಿದ್ದೆ" ಎನ್ನಬೇಕು. ಇನ್ನೊಮ್ಮೆ ಒಬ್ಬನೇ ಹತ್ತಿ ಬಂದರೆ ಇನ್ನೊಂದು ಸುಳ್ಳು ಎನಿಸಿಕೊಳ್ಳುತ್ತಿದ್ದ, ಅಷ್ಟೇ. ಸಾಕ್ಷಿ ಬೇಕಿತ್ತು. ಸತ್ತ ಅಜ್ಜಿಯರ ತಲೆಯ ಮೇಲೆ ನಡೆದು ಸಾಕ್ಷಿಯಾಗಲು ಊರಲ್ಲಿ ಒಬ್ಬನೂ ತಯಾರಿರಲಿಲ್ಲ.

ಸಾಕ್ಷಿ 1863ರ ಜುಲೈಯಲ್ಲಿ ಇಂಗ್ಲೆಂಡಿನಿಂದ ಬಂತು. ಹೆಸರು ಹಾಲ್ಕಂಬ್. ನಮಗೆ ಇಂಗ್ಲಿಷರೆಲ್ಲರೂ ಮಿಲಾರ್ಡುಗಳೇ, ಅಂದರೆ ಪ್ರಭುಗಳೇ, ಆದ್ದರಿಂದ ಇವರೂ ಮಿಲಾರ್ಡ್ ಆದರು. ಆರಡಿ ಎತ್ತರ, ಕೆಂಪು ಗಡ್ಡ, ತೂಕದ ಬೂಟು, ಮಗುವಿನಂಥ ಮುಖ. ಹೊತ್ತುಕೊಂಡು ಬಂದದ್ದು ಒಂದು ಗಾಳಿಮಾಪಕ, ಎರಡು ಕೊಡೆ, ಹನ್ನೆರಡು ಜೊತೆ ಕಾಲುಚೀಲ. ಇಯಾಸೆಂತ್ ಅಧ್ಯಕ್ಷರು ಅಷ್ಟರಲ್ಲಿ ಆರು ಹಾಸಿಗೆಗಳ ಹೋಟೆಲು ಕಟ್ಟಿ ಅತಿಥಿಗಳಿಗಾಗಿ ಕಾಯುತ್ತಿದ್ದರು. ಜಿನೀವಾದಲ್ಲಿ ಪರಿಚಾರಕನಾಗಿದ್ದಾಗ ಕಲಿತ ಇಂಗ್ಲಿಷು ಊರಲ್ಲಿ ಅವರೊಬ್ಬರ ಬಳಿಯೇ ಇತ್ತು. ಮಿಲಾರ್ಡ್ ಅವರಿಗೆ ಸ್ಪಷ್ಟವಾಗಿ ಹೇಳಿದರು: ಯಾರ ಬೂಟೂ ತಾಗದ ತುದಿಯಾದರೆ ಹತ್ತುತ್ತೇನೆ, ಅದರ ಬಗ್ಗೆ ಲಂಡನ್ನಿನಲ್ಲಿ ಬರೆಯುತ್ತೇನೆ, ನನ್ನ ಹಿಂದೆ ನೂರು ಜನ ಬರುತ್ತಾರೆ. ಬೇರೆಯವರು ಹತ್ತಿದ್ದಾದರೆ ಪಕ್ಕದ ಕಣಿವೆಗೆ ಹೋಗುತ್ತೇನೆ.

"ನಮ್ಮ ಕೊಕ್ಕಿನ ಮೇಲೆ ಹಕ್ಕಿಯೂ ಕೂತಿಲ್ಲ, ಮಿಲಾರ್ಡ್" ಎಂದರು ಅಧ್ಯಕ್ಷರು.

ನಂತರ ದಾರಿ ತೋರಿಸಲು ಯಾರನ್ನು ಕರೆಸಿದರು? ಪಾಂಕ್ರಾಸನನ್ನು. ಎಂದೂ ಹೋಗಿರದ ಮನುಷ್ಯನಿಗೆ ದಾರಿ ಗೊತ್ತಿರುತ್ತದೆಂದು ನಮಗೆ ಹೇಗೆ ಹೊಳೆಯಿತೋ! ಆಗ ಯಾರೂ ಕೇಳಿಕೊಳ್ಳಲಿಲ್ಲ. ಎರಡನೆಯ ಆಳಾಗಿ ಅವನ ಹೆಂಡತಿ ಯುಫೆಮಿಯ ತಮ್ಮ ಸೆರಾಫೆನನನ್ನು ಜೊತೆ ಮಾಡಿದರು. ಕಟ್ಟುಮಸ್ತಾದ, ಚೆಲುವಾದ, ಯಾರು ಏನು ಹೇಳಿದರೂ ಹೂಂ ಎನ್ನುವ ಹುಡುಗ. ಹತ್ತಿರದ ಸಂಬಂಧ. ಪಾಂಕ್ರಾಸನಿಗೆ ಖುಷಿಯೋ ಖುಷಿ.

"ನೋಡು ಸೆರಾಫೆನ್, ತುದೀಲಿ ಮಿಲಾರ್ಡ್‌ಗೆ ಕೋಲು ತೋರಿಸ್ತೀನಿ. ಅವ್ರು ಬರ್ಕೊಳ್ತಾರೆ. ಬರೆದದ್ದು ಅಚ್ಚಾಗುತ್ತೆ. ಆಮೇಲೆ ನಮ್ಮೂರ ಅಜ್ಜಿ ಮೊಮ್ಮಕ್ಕಳು ಏನಂತಾರೋ ನೋಡೋಣ!"

"ಹೂಂ ಭಾವ" ಎಂದ ಸೆರಾಫೆನ್.

ಮೂವರ ದಂಡಯಾತ್ರೆ ಹೊರಟಿತು. ಹಿಮನದಿಯನ್ನು ದಾಟುವಾಗ ಸೆರಾಫೆನ್ ಪ್ರತಿ ಬಿರುಕಿಗೂ ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡ. ಮಿಲಾರ್ಡ್ ಅದನ್ನು ಪರ್ವತಕ್ಕೆ ತೋರುವ ಗೌರವವೆಂದು ತಿಳಿದು ತಾವೂ ಟೋಪಿ ತೆಗೆದರು, ಹನ್ನೊಂದು ಗಂಟೆಯ ಹೊತ್ತಿಗೆ ಅವರ ಬೋಳುತಲೆ ಕರಿಕೊಕ್ಕಿನ ತುದಿಗಿಂತ ಕೆಂಪಗಾಯಿತು. ಪಾಂಕ್ರಾಸ್ ಮುಂದೆ, ಕೊಡಲಿಯಿಂದ ಮಂಜುಗಡ್ಡೆಯಲ್ಲಿ ಮೆಟ್ಟಿಲು ಕಡಿಯುತ್ತ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಎಲ್ಲವನ್ನೂ ಅವನೊಬ್ಬನೇ. ಬೇರೆಯವರು ಅರ್ಧ ದಿನ ಹುಡುಕುತ್ತಿದ್ದ ಸೀಳುದಾರಿಗಳಿಗೆ ಅವನು ಮನೆಯ ಅಟ್ಟ ಹತ್ತುವವನಂತೆ ನೇರ ಹೋದ. ಮಿಲಾರ್ಡ್ ಬೆರಗಾಗಿ ನೋಡುತ್ತಿದ್ದರು.

ತುದಿಗೆ ಮೂವತ್ತು ಅಡಿ ಇರುವಾಗ ನಿಂತರು. ಕೊನೆಯ ಹೆಜ್ಜೆಗಳನ್ನು ಧಣಿಯೇ ಮೊದಲು ಇಡಬೇಕು, ಇದು ಈ ಕಸುಬಿನ ರೀತಿ. ಅದಕ್ಕೆ ಮುಂಚೆ ಆಳೊಬ್ಬ ಹೋಗಿ ಅಂಚಿನ ಹಿಮ ಗಟ್ಟಿಯೇ ಎಂದು ನೋಡಿ ಬರಬೇಕು. "ನಾನು ಹೋಗ್ತೀನಿ" ಎಂದ ಪಾಂಕ್ರಾಸ್.

"ನೀನು ಬೆಳಗಿಂದ ಕಡಿದು ಸುಸ್ತಾಗಿದ್ದೀಯ ಭಾವ, ಕೂತ್ಕೋ" ಎಂದ ಸೆರಾಫೆನ್, ಹಗ್ಗದಿಂದ ತನ್ನ ಗಂಟು ಬಿಚ್ಚಿ ಮೇಲೆ ಹೋದ. ಅವನು ಯಾವತ್ತೂ ತೋರದ ಕಾಳಜಿ. ಪಾಂಕ್ರಾಸನ ಕಣ್ಣು ತೇವವಾಯಿತು. ಮೇಲಿನಿಂದ ಏನೋ ಚಟ್ ಎಂದ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಇಟಲಿಯ ಕಡೆ ಕಲ್ಲುಗಳು ಗಡಗಡನೆ ಉರುಳಿದವು.

"ಏನೋ ಅದು?"

"ಸಡಿಲ ಕಲ್ಲು ಭಾವ. ಮಿಲಾರ್ಡ್ ಕಾಲಿಗೆ ಸಿಕ್ಕೀತು ಅಂತ ತಳ್ಳಿದೆ."

ಮಿಲಾರ್ಡ್ ಹತ್ತಿದರು. ನಿಂತರು. ಟೋಪಿ ಬೀಸಿದರು. ಕೆಳಗೆ ಹೋಟೆಲಿನ ಮುಂದೆ ದೂರದರ್ಶಕದಲ್ಲಿ ನೋಡುತ್ತಿದ್ದ ನಾವು ಕಿರುಚಿದೆವು. ಪಾಂಕ್ರಾಸ್ ಬಾಯಗಲಿಸಿ ನಗುತ್ತ ಹಿಂದೆಯೇ ಹತ್ತಿದ, ಬೆರಳು ತೋರಿಸಲು ಕೈಯೆತ್ತಿದ, ಎತ್ತಿದ ಕೈ ಹಾಗೇ ನಿಂತಿತು.

ಕಲ್ಲಿನ ಗುಡ್ಡೆ ಇಲ್ಲ. ಕೋಲು ಇಲ್ಲ. ನುಣ್ಣನೆಯ ಕೆಂಪು ಬಂಡೆ.

ಅವನು ಮಂಡಿಯೂರಿದ. ಮಿಲಾರ್ಡ್ ಅದನ್ನು ಪ್ರಾರ್ಥನೆ ಎಂದುಕೊಂಡು ತಾವೂ ತಲೆ ಬಾಗಿಸಿದರು. ಪಾಂಕ್ರಾಸನ ಬೆರಳು ಬಂಡೆಯ ಬಿರುಕನ್ನು ಹುಡುಕಿತು, ಸಿಕ್ಕಿತು. ಒಳಗೆ ಬೆರಳುದ್ದದ ಮರದ ತುಂಡು ಇನ್ನೂ ಕಚ್ಚಿಕೊಂಡಿತ್ತು. ಬದಿಗಳೆಲ್ಲ ಬೂದುಬಣ್ಣ, ಮುರಿದ ಬಾಯಿ ಮಾತ್ರ ಹಳದಿ, ಆಗತಾನೆ ಕತ್ತರಿಸಿದ ಬ್ರೆಡ್ಡಿನಂತೆ ಹೊಸದು. ಅವನು ತಲೆಯೆತ್ತಿ ಸೆರಾಫೆನನನ್ನು ನೋಡಿದ. ಸೆರಾಫೆನ್ ಇಟಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಒಂದೇ ಹಗ್ಗದಲ್ಲಿರುವವರು ಜಗಳವಾಡಬಾರದು. ಎಂಥ ಬೈಗುಳವಿದ್ದರೂ ಹಗ್ಗ ಬಿಚ್ಚುವವರೆಗೆ ನುಂಗಿಕೊಳ್ಳಬೇಕು. ಈ ನಿಯಮವನ್ನು ನಮ್ಮಲ್ಲಿ ದೇವರ ಆಜ್ಞೆಗಳಿಗಿಂತ ಹೆಚ್ಚು ಪಾಲಿಸುತ್ತಾರೆ. ಪಾಂಕ್ರಾಸ್ ಸೆರಾಫೆನನ ಸೊಂಟಕ್ಕೆ ತಾನೇ ಗಂಟು ಹಾಕಿದ, ಎಳೆದು ನೋಡಿದ, ಇನ್ನೊಂದು ಸುತ್ತು ಬಿಗಿದ. ಇಳಿಯುವಾಗ ಆರುನೂರು ಮೆಟ್ಟಿಲುಗಳಲ್ಲಿ ನೂರನೆಯದೋ ಇನ್ನೂರನೆಯದೋ ಮೆಟ್ಟಿಲಲ್ಲಿ ಸೆರಾಫೆನನ ಕಾಲು ಜಾರಿತು. ಮಿಲಾರ್ಡನ್ನೂ ಎಳೆದುಕೊಂಡು ಮೂರು ಮಾರು ಕೆಳಗೆ ಹೋದ. ಪಾಂಕ್ರಾಸ್ ಕೊಡಲಿಯನ್ನು ಮಂಜುಗಡ್ಡೆಗೆ ಹೂಡಿ, ಆ ಮಹಾವೀರನ ಕಾಲುಗಳನ್ನು ನೆಟ್ಟು, ಇಬ್ಬರನ್ನೂ ಹಿಡಿದು ನಿಲ್ಲಿಸಿದ. ಅಂಗೈಯ ಚರ್ಮ ಹಗ್ಗಕ್ಕೆ ಅಂಟಿಕೊಂಡು ಹೋಯಿತು. ಮಿಲಾರ್ಡ್ ಇದನ್ನು ತಮ್ಮ ಪುಸ್ತಕದಲ್ಲಿ ನಾಲ್ಕು ಪುಟ ಬರೆದರಂತೆ. ಪಾಂಕ್ರಾಸ್ ಆಗ ಏನನ್ನು ಯೋಚಿಸುತ್ತಿದ್ದನೆಂಬುದು ಆ ನಾಲ್ಕು ಪುಟಗಳಲ್ಲಿ ಇಲ್ಲ.

ಹುಲ್ಲುಗಾವಲು ಮುಟ್ಟಿದ ಮೇಲೆ ಹಗ್ಗ ಬಿಚ್ಚಿದರು. ಮಿಲಾರ್ಡ್ ತೊರೆಯಲ್ಲಿ ತಲೆ ತಣ್ಣಗೆ ಮಾಡಿಕೊಳ್ಳಲು ಹೋದರು.

"ಈಗ ಹಗ್ಗ ಇಲ್ಲ" ಎಂದ ಪಾಂಕ್ರಾಸ್. "ಈಗ ಹೇಳು."

"ಏನ್ ಹೇಳ್ಲಿ ಭಾವ?"

"ನನ್ ಕೋಲು."

"ಯಾವ ಕೋಲು?"

"ಲೋ, ಬಿರುಕಲ್ಲಿ ಹೊಸ ಮುರಿತ ಇದೆ. ಮೂವತ್ತು ವರ್ಷದಿಂದ ಮರ ಕಡೀತಿದ್ದೀನಿ, ನಂಗೆ ಪಾಠ ಹೇಳ್ಬೇಡ."

ಸೆರಾಫೆನ್ ಹುಲ್ಲು ಕೀಳತೊಡಗಿದ. "ಅಧ್ಯಕ್ಷರು ಹೇಳಿದ್ರು. ಮಿಲಾರ್ಡ್ ಕಣ್ಣಿಗೆ ಕೋಲು ಬಿದ್ರೆ ಪಕ್ಕದ ಕಣಿವೆಗೆ ಹೋಗ್ಬಿಡ್ತಾರೆ, ಊರು ಉದ್ಧಾರ ಆಗೋದು ಅಲ್ಲಿಗೆ ನಿಂತ್ಹೋಗುತ್ತೆ ಅಂದ್ರು."

"ಅಧ್ಯಕ್ಷರೊಬ್ರೇನಾ?"

"ಫಾದರ್ರೂ ಇದ್ರು. ಕೋಲು ಮುರೀಬಾರ್ದು ಅಂತ ಹತ್ತು ಆಜ್ಞೇಲಿ ಎಲ್ಲೂ ಇಲ್ಲ ಅಂದ್ರು."

"ಇನ್ನ್ಯಾರು?"

ಸೆರಾಫೆನ್ ಇನ್ನೊಂದು ಹಿಡಿ ಹುಲ್ಲು ಕಿತ್ತ. "ಅಕ್ಕಂಗೂ ಹೇಳಿದ್ದೆ."

ಪಾಂಕ್ರಾಸ್ ತನ್ನ ಸುಲಿದ ಅಂಗೈಯನ್ನು ನೋಡಿದ. ಆಮೇಲೆ ಅವನ ಅಗಲ ಕಿವಿಗಳು ನಿಧಾನವಾಗಿ ಕೆಂಪಾದವು.

"ಹಾಗಾದ್ರೆ ಅಲ್ಲಿ ಕೋಲಿದೆ ಅಂತ ನಿಮ್ಗೆಲ್ಲ ಗೊತ್ತಿತ್ತು."

ಸೆರಾಫೆನ್ ಕಿತ್ತ ಹುಲ್ಲನ್ನು ಮತ್ತೆ ನೆಲಕ್ಕೆ ಒತ್ತತೊಡಗಿದ.

"ಇಲ್ದೇ ಇರೋ ಕೋಲನ್ನ ಮುರಿಯೋಕೆ ಯಾರೂ ಆಳು ಕಳ್ಸಲ್ಲ ಸೆರಾಫೆನ್."

"ಯಾರಿಗ್ ಗೊತ್ತಿರ್ಲಿಲ್ಲ ಭಾವ?" ಎಂದುಬಿಟ್ಟ ಸೆರಾಫೆನ್, ಸಮಾಧಾನ ಹೇಳುತ್ತಿದ್ದೇನೆಂಬ ಭ್ರಮೆಯಲ್ಲಿ. "ಅವತ್ತು ನೀನು ನೆಲಮಾಳಿಗೆಗೆ ಬಂದಾಗ ನಿನ್ ಪ್ಯಾಂಟಿನ ಹಿಂದೆ ಇಷ್ಟು ದಪ್ಪ ಕೆಂಪು ಧೂಳು! ಆ ಕಲ್ಲು ತುದೀಲಿ ಬಿಟ್ರೆ ಬೇರೆಲ್ಲಿದೆ? ಎಲ್ರೂ ನೋಡಿದ್ರು."

"ಹನ್ನೊಂದು ವರ್ಷ?"

"ಸುಮ್ನೆ ತಮಾಷೆಗೆ. ಮೊದಲ್ನೇ ದಿನ ನಕ್ಬಿಟ್ರು. ಆಮೇಲೆ ಹೇಗೆ ನಿಲ್ಸೋದು ಅಂತ ಯಾರಿಗೂ ತಿಳೀಲಿಲ್ಲ."

ಇದು ಪೂರ್ತಿ ನಿಜವಲ್ಲ, ಸೆರಾಫೆನನಿಗೆ ಅಷ್ಟು ಬುದ್ಧಿ ಇರಲಿಲ್ಲ. ನಿಜ ಇಷ್ಟು: ಆ ಕುಳ್ಳ ಹೋಗಿದ್ದ ಎಂದು ಒಪ್ಪಿಕೊಂಡಿದ್ದರೆ, ನೀವೇಕೆ ಹೋಗಲಿಲ್ಲ ಎಂದು ನಮ್ಮ ಹೆಂಗಸರು ಕೇಳುತ್ತಿದ್ದರು. ಸತ್ತ ಅಜ್ಜಿಯರು ಅವನ ಕಾಲು ಎಳೆಯಲಿಲ್ಲವೆಂದರೆ ನಮ್ಮ ಭಯಕ್ಕೆ ಬೇರೆ ಹೆಸರು ಇಡಬೇಕಾಗುತ್ತಿತ್ತು. ನಗುವುದು ಸುಲಭವಾಗಿತ್ತು. ನಾವು ಹನ್ನೊಂದು ವರ್ಷ ಬಹಳ ಚೆನ್ನಾಗಿ ನಕ್ಕೆವು.

ಊರಲ್ಲಿ ಸ್ವಾಗತ ಭರ್ಜರಿ. ಸಣ್ಣ ಫಿರಂಗಿ ಮೂರು ಬಾರಿ ಹಾರಿತು, ಮೂರನೆಯದು ಹೋಟೆಲಿನ ಗಾಜಿನ ಕಿಟಕಿಯನ್ನೂ ಹಾರಿಸಿತು. ಫಾದರ್ ಗಂಟೆ ಹೊಡೆಸಿದರು. ಕರಗಿದ ಚೀಸು, ಒಣಮಾಂಸ, ಊರ ನೆಲಮಾಳಿಗೆಯ ಪೀಪಾಯಿಯ ಹಳೆ ವೈನು. ಗಲಾಟೆಯ ನಡುವೆ ಪಾಂಕ್ರಾಸ್ ಬಟ್ಟೆ ಸುತ್ತಿದ ಕೈಯಲ್ಲಿ ಟೋಪಿ ಹಿಡಿದು ಮಿಲಾರ್ಡ್ ಎದುರು ನಿಂತ.

"ಅಧ್ಯಕ್ಷರೇ, ಇದನ್ನ ಅವ್ರಿಗೆ ಹೇಳಿ. ನಾನು ಹನ್ನೊಂದು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದೆ. ಗುರುತು ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಅದನ್ನ ಮುರಿದ್ರು. ಮಿಲಾರ್ಡ್ ಮೇಲೆ ನಂಗೇನೂ ಕೋಪ ಇಲ್ಲ. ಅವ್ರಿಗೆ ಗೊತ್ತಿದ್ರೆ ಸಾಕು."

ಅಧ್ಯಕ್ಷರು ಇಂಗ್ಲಿಷಿನಲ್ಲಿ ಅಷ್ಟೇ ಉದ್ದದ ಮಾತು ಹೇಳಿದರು. ಮಿಲಾರ್ಡರ ಮಗುವಿನ ಮುಖ ಅರಳಿತು, ಕಣ್ಣು ತುಂಬಿತು. ಎದ್ದು ಬಂದು ಪಾಂಕ್ರಾಸನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು.

ಪಾಂಕ್ರಾಸ್ ನಂಬಿದ. ಒಂದು ಗಳಿಗೆ, ಎರಡು ಗಳಿಗೆ, ಅವನು ಭೂಮಿಯ ಮೇಲಿನ ಅತಿ ಸುಖಿ ಮನುಷ್ಯನಾಗಿದ್ದ. ನಾವು ಅವನ ಮುಖ ನೋಡಲಾರದೆ ತಟ್ಟೆ ನೋಡಿದೆವು. ನಂತರ ಮಿಲಾರ್ಡ್ ಲೋಟ ಎತ್ತಿ ಕೂಗಿದರು, ಅಧ್ಯಕ್ಷರು ಅದನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಲೇಬೇಕಾಯಿತು: "ಮನುಷ್ಯ ಮೊದಲ ಸಲ ಕಾಲಿಟ್ಟ ತುದೀಲಿ ತಮ್ಮ ಜೊತೆ ಇದ್ದದ್ದೇ ತನ್ನ ಭಾಗ್ಯ ಅಂತ ಈ ಬಡ ಬೇಟೆಗಾರ ಹೇಳಿದ್ನಂತೆ. ಇಂಥ ಮಾತು ಯಾವ ರಾಜನ ಆಸ್ಥಾನದಲ್ಲೂ ಕೇಳಿಲ್ಲವಂತೆ."

ಪಾಂಕ್ರಾಸ್ ಟೋಪಿ ಹಾಕಿಕೊಂಡು ಮನೆಗೆ ನಡೆದ.

ಯುಫೆಮಿ ಚೀಸ್ ಗಾಲಿಗಳಿಗೆ ಉಪ್ಪುನೀರು ಹಚ್ಚುತ್ತಿದ್ದಳು. ತಿರುಗಿ ನೋಡಲಿಲ್ಲ.

"ನೀನೂನಾ ಯುಫೆಮಿ?"

"ನಾನೂನೂ."

"ನಾನು ಹೋಗಿದ್ದು ನಿಂಗೂ ಗೊತ್ತಿತ್ತಾ?"

"ನಿನ್ ಪ್ಯಾಂಟು ತೊಳೆದೋಳು ನಾನಲ್ವಾ? ಮೂರು ನೀರಲ್ಲಿ ಅದ್ದಿದ್ರೂ ಕೆಂಪು ಬಿಡ್ಲಿಲ್ಲ."

"ಒಂದ್ ಸಲ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ಮತ್ತೆ ಹೋಗ್ತಿದ್ದೆ. ಹೊಗಳಿಸ್ಕೊಂಡ ಗಂಡಸು ಮನೇಲಿ ಕೂರಲ್ಲ." ಆಗ ತಿರುಗಿದಳು. "ಕೋಲು ಹೋದ್ರೆ ಆ ಹುಚ್ಚೂ ಹೋಗುತ್ತೆ ಅಂದ್ಕೊಂಡೆ. ವಿಧವೆ ಆಗೋದಕ್ಕಿಂತ ಸುಳ್ಳನ ಹೆಂಡ್ತಿ ಆಗಿರೋದೇ ನಂಗೆ ಬೇಕಿತ್ತು."

ಪಾಂಕ್ರಾಸ್ ಹೊದಿಕೆ ಎತ್ತಿಕೊಂಡು ಹುಲ್ಲು ಒಟ್ಟುವ ಕೊಟ್ಟಿಗೆಗೆ ಹೋಗಿ ಮಲಗಿದ. ಊರು ಮತ್ತೆ ದ್ರಾಕ್ಷಿತೋಟಗಳಿಗೆ ಇಳಿಯುವವರೆಗೂ ಅಲ್ಲೇ ಮಲಗಿದ. ಕೆಳಗಿನ ಊರಿನಲ್ಲಿ ಅವರಿಗಿದ್ದದ್ದು ಒಂದೇ ಕೋಣೆ, ಅಲ್ಲಿ ಸಿಟ್ಟು ಹಾಸಿಕೊಳ್ಳಲು ಜಾಗವಿರಲಿಲ್ಲ. ಅವಳ ಜೊತೆ ಇನ್ನೂ ಇಪ್ಪತ್ತೈದು ವರ್ಷ ಬಾಳಿದ, ಅವಳು ಸತ್ತಾಗ ಅತ್ತ. ಆದರೆ ಆ ವಿಷಯ ಅವರ ನಡುವೆ ಮತ್ತೆ ಬರಲಿಲ್ಲ.

ಮಿಲಾರ್ಡರ ಪುಸ್ತಕ ಬಂತು, ಹಿಂದೆಯೇ ನೂರು ಜನವಲ್ಲ, ಸಾವಿರ ಜನ ಬಂದರು. ಆರು ಹಾಸಿಗೆ ಅರವತ್ತಾಯಿತು. ಕರಿಕೊಕ್ಕಿನ ಮೊದಲ ಮಾರ್ಗದರ್ಶಿ ಎಂದು ಸೆರಾಫೆನ್ ಪ್ರಸಿದ್ಧನಾದ, ಮೀಸೆ ಬೆಳೆಸಿದ, ಫೋಟೋ ತೆಗೆಸಿಕೊಂಡ. ಪಾಂಕ್ರಾಸನೂ ಮಾರ್ಗದರ್ಶಿಯಾದ, ನಮ್ಮಲ್ಲೆಲ್ಲ ಉತ್ತಮನೇ. ಬೇರೆ ಎಲ್ಲ ತುದಿಗಳಿಗೂ ಜನರನ್ನು ಕರೆದುಕೊಂಡು ಹೋದ. ಕರಿಕೊಕ್ಕಿಗೆ ಬಾ ಎಂದರೆ ಮಾತ್ರ ವಿನಯದಿಂದ ಹೇಳುತ್ತಿದ್ದ: "ನಂಗೆ ಆ ದಾರಿ ಗೊತ್ತಿಲ್ಲ ಸ್ವಾಮಿ." ಅವನನ್ನು ಗೇಲಿ ಮಾಡುವುದನ್ನು ನಾವು ಬಿಟ್ಟಿದ್ದ ಕಾಲ ಅದು. ಅವನ ಆ ವಿನಯ ನಮ್ಮ ಹಳೆಯ ಗೇಲಿಗಿಂತ ಹರಿತವಾಗಿತ್ತು.

ಕಾಲ ಬದಲಾಯಿತು. 1894ರ ಹೊತ್ತಿಗೆ ಮಿಲಾರ್ಡುಗಳ ಕಥೆ ಹಳಸಿತು. ಬರುವ ಅತಿಥಿಗಳಿಗೆ ಈಗ ಇಂಗ್ಲಿಷರಿಗಿಂತ ಮೊದಲೇ ಬರಿಗೈಯಲ್ಲಿ ಹತ್ತಿದ ಹಳ್ಳಿಯ ಬೇಟೆಗಾರ ಬೇಕಾಗಿದ್ದ. ಪಕ್ಕದ ಕಣಿವೆಯವರು ತಮ್ಮ ಬೇಟೆಗಾರನಿಗೆ ಕಲ್ಲು ನಿಲ್ಲಿಸಿ, ಅದರ ಸುತ್ತ ಬೆಂಚುಗಳನ್ನೂ ಹಾಕಿಬಿಟ್ಟರು. ಇಯಾಸೆಂತ್ ಅಧ್ಯಕ್ಷರಿಗೆ ಎಪ್ಪತ್ತೆಂಟು ವರ್ಷ, ಆದರೂ ಬುದ್ಧಿ ಚುರುಕು. ಮೂರು ವಾರದಲ್ಲಿ ಅಮೃತಶಿಲೆಯ ಫಲಕ ತಯಾರಾಯಿತು: "ಪಾಂಕ್ರಾಸ್ ಸಾವಿಯೋ, ಈ ಊರಿನ ಮಗ, ಕರಿಕೊಕ್ಕನ್ನು ಮೊದಲು ಹತ್ತಿದವನು, 1852." ಬೆಟ್ಟ ಹತ್ತುವವರ ಸಂಘದವರು ಒಂದು ಷರತ್ತು ಹಾಕಿದ್ದರು, ಅಷ್ಟೇ. ಆ ಮನುಷ್ಯ ನೋಟರಿಯ ಎದುರು ಪ್ರಮಾಣ ಮಾಡಿ ಸಹಿ ಹಾಕಬೇಕು.

ಪಾಂಕ್ರಾಸನನ್ನು ಪಂಚಾಯಿತಿ ಮನೆಗೆ ಕರೆಸಿದರು. ಇಡೀ ಊರು ಸೇರಿತ್ತು. ಎಪ್ಪತ್ತರ ಮುದುಕ ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು. ಅವನಿಗಾಗಿ ನಾವು ಎದ್ದದ್ದು ಅದೇ ಮೊದಲು.

"ಕೂತ್ಕೊಳ್ಳಿ ಪಾಂಕ್ರಾಸ್" ಎಂದರು ಅಧ್ಯಕ್ಷರು. ಬಹುವಚನ! "ಹಳೇದೆಲ್ಲ ಮರೆಯೋಣ. ಊರು ತಪ್ಪು ಮಾಡಿತ್ತು. ಇವತ್ತು ಎಲ್ರೆದುರು ಹೇಳ್ತೀನಿ, ನೀವು ಹೋಗಿದ್ರಿ."

ಅವನು ನಲವತ್ತೆರಡು ವರ್ಷ ಕಾದಿದ್ದ ಮಾತು. ಅವನು ಟೋಪಿಗೆ ಕೈ ಹಾಕಿದ್ದನ್ನು ನಾನು ಬಾಗಿಲ ಬಳಿಯಿಂದ ನೋಡಿದೆ. ತೆಗೆಯದೆ ಕೈ ಇಳಿಸಿದ.

"ಕಾಗದ ಓದಿ" ಎಂದ.

ನೋಟರಿ ಓದಿದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವವರೆಗೂ ಪಾಂಕ್ರಾಸ್ ತಾಳ್ಮೆಯಿಂದ ಕಾದ.

"ಇದು ಸುಳ್ಳು" ಎಂದ. "ನಾನು ಹೋಗಿರ್ಲಿಲ್ಲ."

ಒಂದು ಕುರ್ಚಿ ಕಿರುಗುಟ್ಟಿತು.

"ಕೆಳಗೆ ಬಂಡೆ ನೆರಳಲ್ಲಿ ನಿದ್ದೆ ಮಾಡ್ತಿದ್ದೆ. ಎದ್ದಾಗ ಉರುಳಿ ಬಿದ್ದ ಕೆಂಪು ಕಲ್ಲಿನ ಮೇಲೆ ಕುಂಡೆ ಊರಿದ್ದೆ. ಕೋಲು ಎಲ್ಲೋ ಬೀಳಿಸ್ಕೊಂಡೆ. ಬೇಕಿದ್ರೆ ಯಾರನ್ನಾದ್ರೂ ಕೇಳಿ. ಹನ್ನೊಂದು ವರ್ಷ ಇಡೀ ಊರು ಇದನ್ನೇ ಹೇಳ್ತಿತ್ತು. ಆಮೇಲೆ ಮಿಲಾರ್ಡ್ ತಮ್ಮ ಕಣ್ಣಾರೆ ನೋಡಿದ್ರು, ಅಲ್ಲಿ ಏನೂ ಇರ್ಲಿಲ್ಲ. ಅಧ್ಯಕ್ಷರು ಸಾಕ್ಷಿ, ಸತ್ತ ಫಾದರ್ ಸಾಕ್ಷಿ, ತೀರ್ಕೊಂಡ ನನ್ ಹೆಂಡ್ತಿ ಸಾಕ್ಷಿ. ಈ ವಯಸ್ಸಲ್ಲಿ ಇಷ್ಟು ಜನ ಮರ್ಯಾದಸ್ಥರನ್ನ ನಾನು ಸುಳ್ಳರು ಅನ್ಲಾ?"

"ಪಾಂಕ್ರಾಸ್!" ಅಧ್ಯಕ್ಷರ ಮುಖ ಬಿಳಿಚಿತ್ತು. "ಫಲಕ ಕೆತ್ತಿ ಆಗಿದೆ!"

"ಅಳಿಸಿ."

ಆಗ ಹಿಂದಿನ ಸಾಲಿನಿಂದ ಸೆರಾಫೆನ್ ಎದ್ದ. ಬಿಳಿ ಮೀಸೆ, ಎದೆಯ ಮೇಲೆ ಮಾರ್ಗದರ್ಶಿಯ ಬಿಲ್ಲೆ, ಕಣ್ಣಲ್ಲಿ ನೀರು. "ಅವನು ಹೋಗಿದ್ದ!" ಎಂದು ಕೂಗಿದ. "ಭಾವ ಹೋಗಿದ್ದ! ಕೋಲು ಅಲ್ಲಿತ್ತು, ನಾನೇ ಈ ಕೈಯಾರೆ ಮುರಿದೆ, ಇಟಲಿ ಕಡೆ ಎಸೆದೆ! ದೇವರಾಣೆ, ಬರ್ಕೊಳ್ಳಿ!"

ನೋಟರಿ ಲೇಖನಿ ಎತ್ತಿದರು. ಪಾಂಕ್ರಾಸ್ ಭಾವಮೈದುನನ ಕಡೆ ತಿರುಗಿದ. ಇದೊಂದು ಮಾತು ಮೂವತ್ತೊಂದು ವರ್ಷದ ಹಿಂದೆ ಆ ಹುಲ್ಲುಗಾವಲಿನಿಂದ ಹೋಟೆಲಿನವರೆಗೆ ಬಂದಿದ್ದರೆ ಸಾಕಿತ್ತು.

"ಪಾಪ, ಸೆರಾಫೆನ್‌ಗೆ ವಯಸ್ಸಾಯ್ತು" ಎಂದ ನೋಟರಿಯವರಿಗೆ, ಮೆಲ್ಲಗೆ. "ಹೂಂ ಅಂತ ಹೇಳೋದು ಬಿಟ್ರೆ ಅವನಿಗೆ ಬೇರೆ ಬರಲ್ಲ. ಮೊದಲಿಂದ್ಲೂ ಹಾಗೇ." ತಾನು ಎಂದೂ ಕರಿಕೊಕ್ಕಿನ ತುದಿ ಮುಟ್ಟಿಲ್ಲವೆಂದು ಬರೆಸಿದ, ಕೆಳಗೆ ಸಾವಿಯೋ ಮನೆಯ ಗುರುತು ಹಾಕಿದ, ಮಳೆ ಬರುವ ಮೊದಲು ಎರಡನೇ ಕೊಯ್ಲಿನ ಹುಲ್ಲು ಒಳಗೆ ಹಾಕಬೇಕೆಂದು ಹೇಳಿ ಹೊರಟುಹೋದ.

ಸಂಘದವರು ಆ ಹೇಳಿಕೆಯನ್ನು ತಮ್ಮ ಮಾರ್ಗದರ್ಶಿ ಪುಸ್ತಕದಲ್ಲಿ ಅಡಿಟಿಪ್ಪಣಿಯಾಗಿ ಅಚ್ಚು ಹಾಕಿದರು. ಆಮೇಲಿನ ಬೇಸಿಗೆಗಳಲ್ಲೆಲ್ಲ ನಾವು ಬಂದವರಿಗೆ ನಿಜ ಹೇಳಿದೆವು. ಹೋಟೆಲಿನಲ್ಲಿ ಹೇಳಿದೆವು, ಹೇಸರಗತ್ತೆ ಹೊಡೆಯುತ್ತ ಹೇಳಿದೆವು, ಬೇಡವೆಂದವರಿಗೂ ಹೇಳಿದೆವು. ಅವರು ಪುಸ್ತಕ ತೆರೆದು ಟಿಪ್ಪಣಿ ಓದಿ, ನಮ್ಮ ಹೆಗಲು ತಟ್ಟಿ ನಗುತ್ತಿದ್ದರು. ಆ ನಗು ನಮಗೆ ಚೆನ್ನಾಗಿ ಗೊತ್ತಿತ್ತು. ಕೆಲವರು ಮಾತ್ರ ಖುದ್ದಾಗಿ ಕೇಳಲು ಅವನ ಮನೆ ಮುಂದಿನ ಬೆಂಚಿನವರೆಗೆ ಹೋಗುತ್ತಿದ್ದರು, ನಾವೂ ಆಸೆಯಿಂದ ಹಿಂದೆ ಹೋಗುತ್ತಿದ್ದೆವು.

"ಅಜ್ಜಾ, ಆ ತುದಿ ಮೊದಲು ಹತ್ತಿದ್ದು ನೀವೇ ಅಂತಲ್ಲ?"

ಪಾಂಕ್ರಾಸ್ ಪೈಪು ಬಾಯಿಂದ ತೆಗೆದು, ಅವರ ಬೆನ್ನ ಹಿಂದೆ ನಿಂತ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ.

"ಇಲ್ಲಪ್ಪ. ನಮ್ಮೂರೋರಿಗೆ ನನ್ ಮೇಲೆ ಪ್ರೀತಿ ಜಾಸ್ತಿ. ಅದಕ್ಕೇ ಸುಳ್ಳು ಹೇಳ್ತಾರೆ."